ಕೇಳದೆ ಬದಲಾಯಿಸಿದ ವೀಲ್‌ಚೇರ್ ಬ್ಯಾಟರಿ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಸರ್ವೀಸ್ ವಿಭಾಗ

ಮಾನ್ಯರೇ,

ವಿಷಯ: ಜೆಲ್ ಬ್ಯಾಟರಿ ಜಾಗದಲ್ಲಿ ಹೇಳದೆ ಲಿಥಿಯಂ ಬ್ಯಾಟರಿ ಹಾಕಿದ್ದು

ನನ್ನ ಎಲೆಕ್ಟ್ರಿಕ್ ವೀಲ್‌ಚೇರ್‌ನ ಬ್ಯಾಟರಿ ಹಳತಾಗಿತ್ತು. ಬದಲಾಯಿಸಿ ಕೊಡಿ ಎಂದು ಕಳೆದ ತಿಂಗಳು ನಿಮ್ಮಲ್ಲಿಗೆ ಕಳಿಸಿದ್ದೆ. ಒಳಗಿದ್ದದ್ದು 12 ವೋಲ್ಟ್‌ನ ಎರಡು ಜೆಲ್ ಬ್ಯಾಟರಿ (ಒಳಗಿನ ಆಮ್ಲ ಜೆಲ್ಲಿಯಂತೆ ಗಟ್ಟಿಯಾಗಿರುವ ಸೀಸದ ಬ್ಯಾಟರಿ), ಸೀರೀಸ್‌ನಲ್ಲಿ ಜೋಡಿಸಿ 24 ವೋಲ್ಟ್. ಅದೇ ಥರದ್ದು ಹಾಕಿ ಎಂದು ಫೋನಿನಲ್ಲೂ ಹೇಳಿದ್ದೆ. ವಾಪಸ್ ಬಂದ ಕುರ್ಚಿಯಲ್ಲಿದ್ದದ್ದು ಲಿಥಿಯಂ. ಬಿಲ್ಲಿನಲ್ಲಿ ‘ಬ್ಯಾಟರಿ – 2’ ಅಂತಷ್ಟೇ ಇದೆ. ಸೀಟಿನ ಕೆಳಗಿನ ಮುಚ್ಚಳ ತೆಗೆಸಿ ನೋಡಿದ ಮೇಲೆಯೇ ನನಗೆ ಗೊತ್ತಾಗಿದ್ದು. ಅಷ್ಟರಲ್ಲಿ ಎರಡು ಸಲ ನಡುದಾರಿಯಲ್ಲಿ ಸಿಕ್ಕಿಕೊಂಡಾಗಿತ್ತು.

ಮೊದಲ ಸಲ ಜಾಯ್‌ಸ್ಟಿಕ್ ಮೇಲಿನ ದೀಪಗಳೆಲ್ಲ ಹಸಿರಾಗಿಯೇ ಇದ್ದವು. ಹಾಗೇ ಇದ್ದಾಗ ಕುರ್ಚಿ ಪಕ್ಕನೆ ಸತ್ತುಹೋಯಿತು. ಕಾರಣ ನಿಮಗೆ ನಾನು ಹೇಳಬೇಕಾಗಿ ಬಂದದ್ದೇ ಬೇಸರದ ವಿಷಯ. ಜೆಲ್ ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಅದರ ವೋಲ್ಟೇಜ್ ನಿಧಾನವಾಗಿ ಇಳಿಯುತ್ತದೆ. ನನ್ನ ಕುರ್ಚಿಯ ಮೀಟರ್ ಆ ಇಳಿತವನ್ನು ನೋಡಿಯೇ ದೀಪ ಆರಿಸುವುದು. ನೀವು ಹಾಕಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಗಲ್ಲ. ಅದರ ವೋಲ್ಟೇಜ್ ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿದ್ದು, ಕೊನೆಯಲ್ಲಿ ದಡಕ್ಕನೆ ಬೀಳುತ್ತದೆ. ಆಗ ಒಳಗಿರುವ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ಲೈನ್ ಕತ್ತರಿಸುತ್ತದೆ. ಹಳೇ ಬ್ಯಾಟರಿ ಆದರೆ ಕುರ್ಚಿ ನಿಧಾನವಾಗುತ್ತಾ ‘ಮನೆಗೆ ಹೋಗು’ ಅಂತ ಸೂಚನೆ ಕೊಡುತ್ತಿತ್ತು. ಇದು ಏನೂ ಹೇಳಲಿಲ್ಲ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಗ್ಗೆ ಹೊರಟು ಇಳಿಜಾರಿನ ರ‍್ಯಾಂಪ್ ಇಳಿಯುತ್ತಿದ್ದೆ. ಅರ್ಧದಲ್ಲಿ ಕುರ್ಚಿ ಗಕ್ಕನೆ ನಿಂತಿತು. ಬೆಲ್ಟ್ ಹಾಕಿಕೊಂಡಿದ್ದರಿಂದ ಮುಂದಕ್ಕೆ ಬೀಳಲಿಲ್ಲ. ಇಳಿಜಾರಿನಲ್ಲಿ ವೇಗ ಹಿಡಿದಿಡುವಾಗ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಜೆಲ್ ಆದರೆ ಅಷ್ಟನ್ನು ನುಂಗಿಕೊಳ್ಳುತ್ತಿತ್ತು. ತುಂಬಿದ ಲಿಥಿಯಂಗೆ ಅದು ಜಾಸ್ತಿಯಾಗಿ ಬಿಎಂಎಸ್ ಬಾಗಿಲು ಹಾಕಿಕೊಂಡಿತು. ಕರೆಂಟ್ ಹೋದರೆ ಮ್ಯಾಗ್ನೆಟ್ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ, ಅಲ್ವಾ? ಲಿವರ್ ಎಳೆದು ಬ್ರೇಕ್ ಬಿಡಿಸೋಣ ಅಂದರೆ ಇಳಿಜಾರು. ಬಿಡಿಸಿದರೆ ಕುರ್ಚಿ ನನ್ನನ್ನು ಹೊತ್ತುಕೊಂಡೇ ಕೆಳಗೆ ಓಡುತ್ತದೆ. ಇಬ್ಬರು ಬಂದು ಹಿಡಿದುಕೊಳ್ಳುವವರೆಗೂ ಹಾಗೇ ಕುಳಿತಿದ್ದೆ.

ನಿಮ್ಮ ಸರ್ವೀಸ್‌ನವರಿಗೆ ಫೋನ್ ಮಾಡಿದರೆ ಬಂದ ಉತ್ತರ: ‘ನೀವು ಸರಿಯಾಗಿ ಚಾರ್ಜ್ ಮಾಡಿರಲ್ಲ ಸಾರ್.’ ಸರಿಯಾಗಿ ಮಾಡುವುದು ಹೇಗೆ? ಚಾರ್ಜರ್ ಹಳೆಯದೇ, ಜೆಲ್‌ಗೆ ಇದ್ದದ್ದು. ಹೊಸ ಬ್ಯಾಟರಿಯ ಮೇಲೆ ಚಾರ್ಜ್ ಮಾಡಲು 14.6 ವೋಲ್ಟ್ ಅಂತ ಅಚ್ಚಾಗಿದೆ, ಅಂದರೆ ಎರಡಕ್ಕೂ ಸೇರಿ 29.2. ನನ್ನ ಚಾರ್ಜರ್ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಜೊತೆಗೆ ಎರಡು ಬ್ಯಾಟರಿಗೂ ಬೇರೆ ಬೇರೆ ಬಿಎಂಎಸ್ ಇದೆ. ಒಂದು ಮೊದಲು ತುಂಬಿದರೂ, ಮೊದಲು ಖಾಲಿಯಾದರೂ ಇಡೀ ಲೈನ್ ನಿಲ್ಲುತ್ತದೆ. ಬ್ಯಾಟರಿ ಬದಲಾಯಿಸಿ ಚಾರ್ಜರ್ ಹಾಗೇ ಬಿಟ್ಟವರು ನೀವು. ತಪ್ಪು ನನ್ನದಾ?

ಲಿಥಿಯಂ ಕೆಟ್ಟದ್ದು ಅಂತ ನನ್ನ ವಾದವಲ್ಲ. ತೂಕ ಜೆಲ್‌ನ ಅರ್ಧಕ್ಕಿಂತ ಕಡಿಮೆ, ಬಾಳಿಕೆ ಎಷ್ಟೋ ಪಾಲು ಹೆಚ್ಚು. ಮಡಚಿ ಕಾರಿನ ಡಿಕ್ಕಿಗೆ ಎತ್ತಿಡುವ ಕುರ್ಚಿಗೆ ಅದೇ ಸರಿ. ಆದರೆ ಅಂಥ ಕುರ್ಚಿಗಳ ಕಂಟ್ರೋಲರ್, ಮೀಟರ್, ಚಾರ್ಜರ್ ಎಲ್ಲ ಲಿಥಿಯಂಗೆಂದೇ ಬಂದಿರುತ್ತವೆ. ನನ್ನದು ದೊಡ್ಡ ಕುರ್ಚಿ, ಯಾರೂ ಎತ್ತುವುದಿಲ್ಲ. ಕೆಳಗೆ ಬ್ಯಾಟರಿ ಭಾರ ಇದ್ದರೆ ಅದು ಗಟ್ಟಿಯಾಗಿ ಕೂರುತ್ತದೆ. ದಿನಾ ಸ್ವಲ್ಪ ದೂರ ಹೋಗುತ್ತೇನೆ, ಮೀಟರ್ ನೋಡಿಕೊಂಡು ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಸುವುದಿಲ್ಲ, ರಾತ್ರಿ ಚಾರ್ಜ್‌ಗೆ ಹಾಕುತ್ತೇನೆ. ಜೆಲ್‌ಗೆ ಇದಕ್ಕಿಂತ ಒಳ್ಳೆ ಅಭ್ಯಾಸ ಬೇಕಾ? ಇದನ್ನೆಲ್ಲ ನೀವು ಒಂದು ಮಾತು ಕೇಳಿದ್ದರೆ ಸಾಕಿತ್ತು. ‘ಹೊಸದು ಸಾರ್, ಒಳ್ಳೆಯದೇ’ ಅಂತ ಸುಮ್ನೆ ಹಾಕಿ ಕಳಿಸಿದ್ದೀರಿ.

ನನಗೆ ಬೇಕಾದದ್ದು ಇಷ್ಟು. ಈ ಎರಡನ್ನೂ ತೆಗೆದು ಡೀಪ್ ಸೈಕಲ್ (ದಿನಾ ಬಳಸಿ ಚಾರ್ಜ್ ಮಾಡಲೆಂದೇ ಮಾಡಿದ) ಜೆಲ್ ಬ್ಯಾಟರಿ ಹಾಕಿ ಕೊಡಿ. ಎರಡೂ ಒಂದೇ ಕಂಪನಿಯದ್ದು, ಒಂದೇ ಸಮಯದಲ್ಲಿ ತಯಾರಾದದ್ದು ಇರಲಿ. ದಯವಿಟ್ಟು ಕಾರ್ ಸ್ಟಾರ್ಟ್ ಮಾಡುವ ಬ್ಯಾಟರಿ ತಂದು ಕೂರಿಸಬೇಡಿ. ಅದು ಒಂದು ಕ್ಷಣದ ಜೋರಿಗೆ ಮಾಡಿದ್ದು, ದಿನಾ ಚಾರ್ಜ್ ಇಳಿಸಿ ಏರಿಸಿದರೆ ಬೇಗ ಹಾಳಾಗುತ್ತದೆ. ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಳೆ ಹೀರಿಟ್ಟುಕೊಂಡಿರುವ ಸೀಸದ ಬ್ಯಾಟರಿ) ಮಾತ್ರ ಸಿಗುತ್ತದೆ ಅಂದರೆ ಮೊದಲು ನನಗೆ ತಿಳಿಸಿ, ಚಾರ್ಜರ್ ಸೆಟ್ಟಿಂಗ್ ಕೂಡ ಬದಲಾಯಿಸಬೇಕಾಗಬಹುದು. ಬೆಲೆಯ ವ್ಯತ್ಯಾಸ ವಾಪಸ್ ಮಾಡಿ. ಹೊಸ ಬಿಲ್ಲಿನಲ್ಲಿ ಬ್ಯಾಟರಿಯ ವಿಧ, ಆಂಪಿಯರ್ ಅವರ್, ತಯಾರಾದ ತಿಂಗಳು ಬರೆದಿರಲಿ. ಇಳಿಜಾರಿನಲ್ಲಿ ಆದದ್ದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಡಿ.

7 ದಿನದೊಳಗೆ ಯಾರನ್ನಾದರೂ ಕಳಿಸಿ. ಬರುವ ಮುಂಚೆ ಒಂದು ಫೋನ್ ಮಾಡಲಿ. ಈಗ ಕೈಯಲ್ಲಿ ತಳ್ಳುವ ಹಳೇ ಕುರ್ಚಿಯಲ್ಲಿದ್ದೇನೆ, ಬಾಗಿಲಿಗೆ ಬರಲು ಸ್ವಲ್ಪ ಹೊತ್ತು ಬೇಕು.

ಇಂತಿ,
ನಿಮ್ಮ ಗ್ರಾಹಕ