ಕೋವಿ ಮಾರುವವರು 45 ದಿನದ ಲೆಕ್ಕ ತಪ್ಪಬಾರದು

ಮಾನ್ಯ ಸಂಪಾದಕರೇ,

ತೋಟ ಮಾರಿ ಪೇಟೆ ಸೇರುವವರು, ವಯಸ್ಸಾಗಿ ಕೋವಿ ಎತ್ತಲಾಗದವರು, ಅಪ್ಪನ ಕಾಲದ ಜೋಡಿನಳಿಗೆಯನ್ನು ಏನು ಮಾಡಬೇಕೆಂದು ತೋಚದ ಮಕ್ಕಳು ಮಲೆನಾಡು, ಕೊಡಗಿನ ಊರೂರಲ್ಲೂ ಸಿಗುತ್ತಾರೆ. ಇವರಲ್ಲಿ ಹಲವರು ಮೊದಲು ಮಾಡುವ ಕೆಲಸವೆಂದರೆ ಕೋವಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಸಂಜೆಯೊಳಗೆ ಗುರುತಿಲ್ಲದ ಯಾರೋ ಫೋನ್ ಮಾಡಿ, ‘ನನ್ನ ಹತ್ರ ಲೈಸೆನ್ಸ್ ಇದೆ, ನಾಳೆ ಕಾರು ತಗೊಂಡು ಬರ್ತೀನಿ, ದುಡ್ಡು ಕೈಗೇ ಕೊಡ್ತೀನಿ’ ಎನ್ನುತ್ತಾರೆ. ಲೈಸೆನ್ಸ್ ನಿಜವೇ ಆಗಿರಬಹುದು, ದುಡ್ಡೂ ಸಾಚಾ ಇರಬಹುದು. ಆದರೆ ನಾಳೆಗೆ ಕೋವಿ ಕೊಡಲು ಕಾನೂನಿನಲ್ಲಿ ದಾರಿಯೇ ಇಲ್ಲ.

ಈ ವಿಷಯದಲ್ಲಿ ಎರಡು ತಪ್ಪು ನಂಬಿಕೆಗಳು ಓಡಾಡುತ್ತಿವೆ. ಖಾಸಗಿಯಾಗಿ ಕೋವಿ ಮಾರುವಂತೆಯೇ ಇಲ್ಲ, ಅಂಗಡಿಗೇ ಕೊಡಬೇಕು ಎಂಬುದು ಒಂದು. ಇಬ್ಬರಿಗೂ ಲೈಸೆನ್ಸ್ ಇದ್ದರೆ ಸ್ಟಾಂಪ್ ಪೇಪರಿನಲ್ಲಿ ಬರೆದುಕೊಂಡರೆ ಸಾಕು ಎಂಬುದು ಇನ್ನೊಂದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5(2) ಎರಡನ್ನೂ ಒಪ್ಪುವುದಿಲ್ಲ. ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡ ಕೋವಿಯನ್ನು, ಅದನ್ನು ಹೊಂದಲು ಹಕ್ಕಿರುವ ಇನ್ನೊಬ್ಬರಿಗೆ ವ್ಯಾಪಾರಿ ಲೈಸೆನ್ಸ್ ಇಲ್ಲದೆಯೇ ಮಾರಬಹುದು. ಷರತ್ತು ಎರಡು: ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು ವಿಳಾಸವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ (ಅಂದರೆ ಜಿಲ್ಲಾಧಿಕಾರಿಗೆ) ಅಥವಾ ಹತ್ತಿರದ ಪೊಲೀಸ್ ಠಾಣಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿರಬೇಕು; ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆದಿರಬೇಕು.

ಎಡವುವುದು ಇಲ್ಲೇ. 45 ದಿನದ ಗಡುವು ಕೋವಿಗೆ ಅಂಟಿಕೊಂಡಿದ್ದಲ್ಲ, ಕೊಳ್ಳುವವರ ಹೆಸರಿಗೆ ಅಂಟಿಕೊಂಡಿದ್ದು. ‘ನನ್ನ ಕೋವಿ ಮಾರಬೇಕೆಂದಿದ್ದೇನೆ’ ಎಂದಷ್ಟೇ ಅರ್ಜಿ ಕೊಟ್ಟು ಒಂದೂವರೆ ತಿಂಗಳು ಕಾದು, ಆಮೇಲೆ ಗಿರಾಕಿ ಹುಡುಕಿ ಕೋವಿ ಕೊಟ್ಟರೆ ಆ ಅರ್ಜಿಗೆ ಕಾಸಿನ ಬೆಲೆಯಿಲ್ಲ. ಮೊದಲಿನ ಗಿರಾಕಿ ಕೈಕೊಟ್ಟು ಅವನ ಭಾವಮೈದ ಕೊಳ್ಳುತ್ತೇನೆಂದು ಬಂದರೂ ಹೊಸ ಅರ್ಜಿ, ಹೊಸ 45 ದಿನ. ಎಣಿಕೆ ಹೀಗೆ: ಜೂನ್ 1ರಂದು ಅರ್ಜಿ ಸ್ವೀಕೃತವಾದರೆ ಆ ದಿನವನ್ನು ಬಿಟ್ಟು ಎಣಿಸಿ, ಜುಲೈ 16ಕ್ಕೆ 45 ತುಂಬುತ್ತದೆ; ಕೋವಿ ಕೈ ಬದಲಾಗಬೇಕಾದ್ದು ಜುಲೈ 17ರಿಂದ ಮೇಲೆ. ಸೆಕ್ಷನ್ 5 ಮೀರಿ ಮಾರಿದವರಿಗೆ 25(1)(ಎ) ಅಡಿಯಲ್ಲಿ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆಯಿದೆ. ಹಳೇ ಕೋವಿಗೆ ಸಿಗುವ ಚಿಲ್ಲರೆ ಹಣಕ್ಕೆ ಇಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ.

ಅರ್ಜಿಯಲ್ಲಿ ಇರಬೇಕಾದ್ದು: ಮಾರುವವರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಯುಐಎನ್ (ರಾಷ್ಟ್ರೀಯ ದತ್ತಾಂಶದಲ್ಲಿ ಲೈಸೆನ್ಸುದಾರರಿಗೆ ಸಿಗುವ ವಿಶಿಷ್ಟ ಗುರುತು ಸಂಖ್ಯೆ), ಲೈಸೆನ್ಸ್ ಮುಗಿಯುವ ದಿನಾಂಕ, ಕೋವಿಯ ಬಗೆ (ಒಂಟಿನಳಿಗೆ, ಜೋಡಿನಳಿಗೆ, ರೈಫಲ್, ರಿವಾಲ್ವರ್), ಬೋರು (ನಳಿಗೆಯ ಒಳ ಅಳತೆ), ತಯಾರಕರು, ನಂಬರು, ಜೊತೆಗೆ ಕೊಡುವ ತೋಟೆಗಳಿದ್ದರೆ ಎಷ್ಟು, ಕೊಳ್ಳುವವರ ಹೆಸರು, ಪೂರ್ತಿ ವಿಳಾಸ, ಅವರ ಲೈಸೆನ್ಸ್ ಸಂಖ್ಯೆ ಮತ್ತು ಯುಐಎನ್. ತೋಟೆಯ ಲೆಕ್ಕ ಬಿಡಬೇಡಿ. ಕಾಯ್ದೆ ಕೋವಿಗೂ ಮದ್ದುಗುಂಡಿಗೂ ಒಂದೇ ಮಾತು ಹೇಳುತ್ತದೆ. ಉಳಿದ ಹತ್ತು ತೋಟೆಯನ್ನು ಕೊಸರಿಗೆಂದು ಕೊಡುವಂತಿಲ್ಲ. ಠಾಣೆಗೆ ಕೊಟ್ಟರೂ ಕಾನೂನಿಗೆ ಸಾಲುತ್ತದೆ, ಆದರೆ ಜಿಲ್ಲಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಡುವುದು ಜಾಣತನ, ಏಕೆಂದರೆ ನಿಮ್ಮ ಲೈಸೆನ್ಸಿನಿಂದ ಕೋವಿ ತೆಗೆಯುವವರು ಅವರೇ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಿ ಈ ಕೆಲಸ ಪೊಲೀಸ್ ಕಮಿಷನರ್ ಕಚೇರಿಯದು. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಮೂರೂ ಬೀಳಬೇಕು. ‘ಇಟ್ಟು ಹೋಗಿ, ನೋಡೋಣ’ ಎಂದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ದಿನಾಂಕ ತೋರಿಸಲಾಗದಿದ್ದರೆ 45 ದಿನ ಕಾದಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಇದಕ್ಕೂ ಮೊದಲು ಮಾರುವವರು ತಮ್ಮ ಲೈಸೆನ್ಸ್ ಬುಕ್ಕನ್ನೇ ಒಮ್ಮೆ ತೆರೆದು ನೋಡಬೇಕು. ಅವಧಿ ಮುಗಿದಿದ್ದರೆ ಕೋವಿ ನಿಮ್ಮಲ್ಲಿರುವುದೇ ಕಾನೂನುಬಾಹಿರ. ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದನ್ನು ಮಾತ್ರ 5(2) ಅಡಿ ಮಾರಬಹುದು. ಆಗ ಸೆಕ್ಷನ್ 21ರಂತೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು. ಲೈಸೆನ್ಸುದಾರರು ತೀರಿಕೊಂಡಾಗಲೂ ಇದೇ ದಾರಿ. ಠೇವಣಿ ಇಟ್ಟರೆ ಕೋವಿ ಹೋಯಿತು ಎಂದುಕೊಳ್ಳುವವರು ಬಹಳ. ಹಾಗಲ್ಲ: ಠೇವಣಿಯಲ್ಲಿರುವ ಕೋವಿಯನ್ನು ಅರ್ಹರಿಗೆ ಮಾರಿಸಿ ಹಣ ಪಡೆಯುವ ಹಕ್ಕು ಠೇವಣಿದಾರರಿಗೂ, ಅವರು ತೀರಿಕೊಂಡಿದ್ದರೆ ವಾರಸುದಾರರಿಗೂ ಅದೇ ಸೆಕ್ಷನ್ನಿನಲ್ಲಿದೆ. ಆದರೆ ನಿಯಮದಲ್ಲಿ ಹೇಳಿದ ಅವಧಿಯೊಳಗೆ ಹಿಂಪಡೆಯದೆ, ಮಾರದೆ ಬಿಟ್ಟರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಅದನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಠಾಣೆಯ ಮೂಲೆಯಲ್ಲಿ ಚೀಟಿ ಕಟ್ಟಿ ನಿಲ್ಲಿಸಿದ ಎಷ್ಟೋ ಕೋವಿಗಳ ಕತೆ ಇಷ್ಟೇ. ಮನೆಯಲ್ಲೇ ಯಾರಿಗಾದರೂ ಬೇಕಿದ್ದರೆ ಮಾರಾಟದ ಗೋಜೇ ಬೇಡ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರಲ್ಲಿದ್ದರೆ, ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೋರಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ.

ಇನ್ನು ಕೊಳ್ಳಲು ಬಂದ ಅಪರಿಚಿತರು. ವಾಟ್ಸ್‌ಆ್ಯಪಿನಲ್ಲಿ ಬಂದ ಲೈಸೆನ್ಸಿನ ಫೋಟೊ ನಂಬಿ ಮಾತು ಮುಗಿಸಬೇಡಿ, ಮೂಲ ಬುಕ್ಕು ಮೇಜಿನ ಮೇಲೆ ಬರಲಿ. ಮುಖಕ್ಕೂ ಫೋಟೊಕ್ಕೂ ತಾಳೆಯಿದೆಯೇ, ಅವಧಿ ಉಳಿದಿದೆಯೇ, ಯುಐಎನ್ ಇದೆಯೇ ಎಂಬುದನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಮುಂದಿನ ಪುಟ. ಅಲ್ಲಿ ಯಾವ ಬಗೆಯ ಆಯುಧಕ್ಕೆ ಅನುಮತಿ ಎಂದು ಬರೆದಿರುತ್ತದೆ. ರಿವಾಲ್ವರಿಗೆಂದು ಅನುಮತಿ ಪಡೆದವರು ನಿಮ್ಮ 12 ಬೋರಿನ ಕೋವಿ ಕೊಳ್ಳಲಾರರು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಆಯುಧ. ಎರಡೂ ಸಾಲು ತುಂಬಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಲೈಸೆನ್ಸ್ ಜಿಲ್ಲೆಗಷ್ಟೇ ಸಿಂಧುವೋ, ರಾಜ್ಯಕ್ಕೋ, ದೇಶಕ್ಕೋ ಎಂಬುದೂ ಅಲ್ಲೇ ಇರುತ್ತದೆ. ಹಾಸನ ಜಿಲ್ಲೆಗಷ್ಟೇ ಸಿಂಧುವಾದ ಲೈಸೆನ್ಸ್ ಹಿಡಿದು ಚಿಕ್ಕಮಗಳೂರಿನಿಂದ ಕೋವಿ ಒಯ್ಯುವಂತಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಹೊರರಾಜ್ಯದ ಲೈಸೆನ್ಸ್ ಆದರೆ ಅದನ್ನು ಕೊಟ್ಟ ಕಚೇರಿಗೆ ಪತ್ರ ಬರೆದು ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಜಮ್ಮು–ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ ಅನರ್ಹರಿಗೆ ಎರಡು ಲಕ್ಷಕ್ಕೂ ಮೀರಿ ಲೈಸೆನ್ಸ್ ಕೊಟ್ಟ ಆರೋಪದ ತನಿಖೆಯನ್ನು ಸಿಬಿಐ ಕೈಗೆತ್ತಿಕೊಂಡಿದ್ದು ನೆನಪಿರಲಿ. ಎದುರಿನವರಿಗೆ ಹಕ್ಕಿದೆಯೇ ಎಂದು ಮೊದಲೇ ವಿಚಾರಿಸದೆ ಆಯುಧ ಕೈಗಿಡುವುದೇ ಸೆಕ್ಷನ್ 29ರಲ್ಲಿ ಪ್ರತ್ಯೇಕ ಅಪರಾಧ. ಗೊತ್ತಿರಲಿಲ್ಲ ಎಂಬ ಮಾತು ಉಪಯೋಗಕ್ಕೆ ಬಾರದು.

ಕೋವಿಯ ನಂಬರು ಲೈಸೆನ್ಸಿನೊಂದಿಗೆ ಅಕ್ಷರ ಅಕ್ಷರ ಹೊಂದಬೇಕು. ಜೋಡಿನಳಿಗೆಯಲ್ಲಿ ನಳಿಗೆಯ ಕೆಳಗಿನ ಮರದ ತುಂಡನ್ನು ಬಿಡಿಸಿ, ಕೋವಿ ಮಡಿಸಿ, ನಳಿಗೆ ಕಳಚಿದರೆ ಅದರ ಬುಡದ ಚಪ್ಪಟೆ ಭಾಗದಲ್ಲಿ ನಂಬರೂ ಪರೀಕ್ಷಾ ಮುದ್ರೆಗಳೂ ಕಾಣುತ್ತವೆ. ಟ್ರಿಗರಿನ ಸುತ್ತಲಿನ ಪಟ್ಟಿಯ ಮೇಲೂ ಕೆಲವದರಲ್ಲಿ ನಂಬರಿರುತ್ತದೆ. ಎಣ್ಣೆ ಜಿಡ್ಡು ಒರೆಸಿ, ಟಾರ್ಚನ್ನು ಅಡ್ಡಡ್ಡ ಹಿಡಿದು ಓದಿ. ಕೈಬರಹದ ಹಳೇ ಬುಕ್ಕುಗಳಲ್ಲಿ 1 ಹೋಗಿ 7, 3 ಹೋಗಿ 8 ಆಗಿದ್ದು, ಅದೇ ತಪ್ಪು ಕಂಪ್ಯೂಟರಿಗೂ ಏರಿರುತ್ತದೆ. ಮೊದಲು ತಿದ್ದುಪಡಿಗೆ ಅರ್ಜಿ ಹಾಕಿ, ಸರಿಯಾದ ಮೇಲೆ ಮಾರಾಟದ ಅರ್ಜಿ ಕೊಡಿ. ಇಲ್ಲದಿದ್ದರೆ ಕೊಂಡವರ ಬುಕ್ಕಿಗೆ ಇಲ್ಲದ ಕೋವಿ ಏರುತ್ತದೆ. ವಿದೇಶದಿಂದ ತಂದ ಕೋವಿಯಾದರೆ ಕಸ್ಟಮ್ಸ್ ಕಾಗದದಲ್ಲಿ ಮಾರಬಾರದೆಂಬ ಷರತ್ತು ಇದೆಯೇ ನೋಡಿ.

ಹಳೇ ಇಂಗ್ಲಿಷ್ ಕೋವಿಗಳ ವಿಷಯದಲ್ಲಿ ಪ್ರಾಮಾಣಿಕರಾಗಿರಬೇಕಾದ ಮಾತು ಇನ್ನೊಂದಿದೆ. ಅವುಗಳಲ್ಲಿ ಹಲವದರ ತೋಟೆ ಕೂರುವ ಗೂಡು 65 ಮಿ.ಮೀ., ಅಂದರೆ ಎರಡೂವರೆ ಇಂಚು. ಅದಕ್ಕೆ 70 ಮಿ.ಮೀ. ತೋಟೆ ಹಾಕಿದರೆ ಸಲೀಸಾಗಿ ಕೂರುತ್ತದೆ, ಅಪಾಯವಿರುವುದೇ ಅಲ್ಲಿ. ಬಾಯಿ ಮಡಿಚಿದ ತೋಟೆ ಗಿಡ್ಡ; ಈಡು ಹಾರಿದಾಗ ಮಡಿಕೆ ಬಿಚ್ಚಿ ಗೂಡಿನ ಮುಂದಿನ ಇಕ್ಕಟ್ಟಿಗೆ ಚಾಚಿಕೊಳ್ಳುತ್ತದೆ, ಚರೆ ಸಾಗಲು ಜಾಗ ಸಾಲದೆ ಒತ್ತಡ ಏರುತ್ತದೆ. ತಂತಿ ಸುತ್ತಿ ಬೆಸೆದಂತೆ ಗೆರೆಗೆರೆಯಾಗಿ ಕಾಣುವ ಡಮಾಸ್ಕಸ್ ನಳಿಗೆಗಳು ಹಳೇ ಕಪ್ಪು ಮದ್ದಿನಪುಡಿಯ ಕಾಲದವು, ಇಂದಿನ ತೋಟೆಗೆ ಮಾಡಿದವಲ್ಲ. ನಳಿಗೆಯಲ್ಲಿ ಉಬ್ಬಿದ ಉಂಗುರ, ತುಕ್ಕಿನ ಗುಳಿ, ಮುಚ್ಚಿದ ಮೇಲೂ ಅಲುಗಾಡುವ ಕೀಲು ಇದ್ದರೆ ಬಾಯಿ ಬಿಟ್ಟು ಹೇಳಿ, ಮಾರಾಟ ಪತ್ರದಲ್ಲೂ ಬರೆಯಿರಿ. ಕೋವಿ ರಿಪೇರಿಯವರಿಗೆ ಒಮ್ಮೆ ತೋರಿಸಿದರೆ ಇಬ್ಬರಿಗೂ ಒಳ್ಳೆಯದು.

ಕಾಯುವ 45 ದಿನಗಳಲ್ಲಿ ‘ಒಂದು ವಾರ ಇಟ್ಕೊಂಡು ಟೆಸ್ಟ್ ಮಾಡಿ ಕೊಡ್ತೀನಿ, ನೀವೊಂದು ಪತ್ರ ಬರ್ಕೊಡಿ’ ಎಂಬ ಬೇಡಿಕೆ ಬಂದೇ ಬರುತ್ತದೆ. ಲೈಸೆನ್ಸುದಾರರ ಪತ್ರ ಹಿಡಿದು ಇನ್ನೊಬ್ಬರು ಕೋವಿ ಒಯ್ಯಬಹುದಾದದ್ದು ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಆ ಲೈಸೆನ್ಸುದಾರರದೇ ಬಳಕೆಗೆ ಮಾತ್ರ. ಸೆಕ್ಷನ್ 3ರ ಈ ವಿನಾಯಿತಿಯಲ್ಲಿ ಗಿರಾಕಿಯ ಪರೀಕ್ಷೆ ಸೇರಿಲ್ಲ. ತೋರಿಸುವುದಾದರೆ ನಿಮ್ಮ ಎದುರಿಗೇ, ಖಾಲಿ ಮಾಡಿ, ನಳಿಗೆ ತೆರೆದಿಟ್ಟು ತೋರಿಸಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಮುಂಗಡವನ್ನು ಬ್ಯಾಂಕಿನ ಮೂಲಕ ಪಡೆದು, ಇಲಾಖೆ ಒಪ್ಪದಿದ್ದರೆ ಹಿಂದಿರುಗಿಸುವುದಾಗಿ ಬರೆದುಕೊಡಿ. ತಾವೇ ಪೂರ್ತಿ ಹಣ ಕೊಟ್ಟು ‘ಕಾಗದ ಆಮೇಲೆ’ ಎನ್ನುವವರಿಂದ ದೂರವಿರಿ. ಹಾಗೆಯೇ ‘ಸೈನಿಕ, ವರ್ಗಾವಣೆ ಆಗಿದೆ’ ಎಂದು ಅಗ್ಗದ ಪಿಸ್ತೂಲಿನ ಫೋಟೊ ತೋರಿಸಿ ಮುಂಗಡ ಕೇಳುವವರಿಂದಲೂ. ಅಲ್ಲಿ ಸಾಮಾನ್ಯವಾಗಿ ಪಿಸ್ತೂಲೇ ಇರುವುದಿಲ್ಲ.

ಕೈ ಬದಲಾಯಿಸುವ ಜಾಗ ಪೆಟ್ರೋಲ್ ಬಂಕೂ ಅಲ್ಲ, ಹೆದ್ದಾರಿ ಪಕ್ಕದ ಹೋಟೆಲೂ ಅಲ್ಲ. ಕೋವಿ ಅಂಗಡಿಯಲ್ಲಿ ಅಥವಾ ಠಾಣೆಯಲ್ಲಿ, ಹಗಲು ಹೊತ್ತಿನಲ್ಲಿ ಆಗಲಿ. ಬಸ್ ಪಾರ್ಸೆಲ್, ಕೊರಿಯರ್ ಯೋಚನೆಯನ್ನೂ ಮಾಡಬೇಡಿ. ಕೊಳ್ಳುವವರ ಲೈಸೆನ್ಸ್ ಅಂದಿಗೂ ಸಿಂಧುವಿದೆಯೇ ಎಂದು ಮತ್ತೊಮ್ಮೆ ನೋಡಿ. ಒಂದೂವರೆ ತಿಂಗಳಲ್ಲಿ ಅವಧಿ ಮುಗಿದಿರಬಹುದು. ಮಾರಾಟ ಪತ್ರದಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ಬಳಿಕ ಇಬ್ಬರೂ ತಮ್ಮ ತಮ್ಮ ಲೈಸೆನ್ಸ್ ಕಚೇರಿಗೆ ತಿಳಿಸಿ, ನಿಮ್ಮ ಬುಕ್ಕಿನಿಂದ ಕೋವಿ ತೆಗೆಸಿ, ಅವರ ಬುಕ್ಕಿಗೆ ಏರಿಸಿ, ಶಸ್ತ್ರಾಸ್ತ್ರ ಲೈಸೆನ್ಸುಗಳ ರಾಷ್ಟ್ರೀಯ ದತ್ತಾಂಶದಲ್ಲೂ ಬದಲಾಯಿಸಬೇಕು. ಇದನ್ನು ಬಿಟ್ಟರೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಆಗುತ್ತದೆ: ಮುಂದಿನ ಚುನಾವಣೆಗೆ ಕೋವಿ ಠೇವಣಿ ಇಡಿ ಎಂದು ಪೇದೆ ಬರುವುದು ನಿಮ್ಮ ಮನೆಗೇ.

ಕೊಡಗಿನವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿ ವ್ಯಕ್ತಿಗೆ, ಕೋವಿಗಲ್ಲ. ವಿನಾಯಿತಿ ಇಲ್ಲದವರಿಗೆ ಮಾರುವಾಗ ಅವರಿಗೆ ಲೈಸೆನ್ಸ್ ಬೇಕೇ ಬೇಕು, ಅರ್ಜಿ ಮತ್ತು 45 ದಿನವೂ ತಪ್ಪಿದ್ದಲ್ಲ.

ಆಡಳಿತಕ್ಕೆ ನಮ್ಮ ಕೇಳಿಕೆ ಎರಡು. ಮೇಲೆ ಹೇಳಿದ ವಿವರಗಳೆಲ್ಲ ಇರುವ, ಕೆಳಗೆ ಹರಿದು ಕೊಡುವ ಸ್ವೀಕೃತಿ ಚೀಟಿಯಿರುವ ಒಂದು ಪುಟದ ಕನ್ನಡ ನಮೂನೆಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೂ ಪ್ರತಿ ಠಾಣೆಯಲ್ಲೂ ಇಡಲಿ. ಮತ್ತು ಠೇವಣಿಯಲ್ಲಿರುವ ಕೋವಿಯನ್ನು ಮುಟ್ಟುಗೋಲಿಗೆ ಕಳಿಸುವ ಮೊದಲು, ಕೊನೆಯ ದಿನಾಂಕ ನಮೂದಿಸಿ ವಾರಸುದಾರರಿಗೆ ಒಂದು ಕಾಗದ ಹೋಗಲಿ.

– ಕೆಲವು ಕೋವಿ ಲೈಸೆನ್ಸುದಾರರು, ಮೂಡಿಗೆರೆ ತಾಲ್ಲೂಕು