ಜರ್ಮನಿಯ ಟ್ಯೂಬಿಂಗನ್‌ನಿಂದ ಅಪ್ಪಾಜಿಗೆ, ಅವ್ವನಿಗೆ

ಪ್ರೀತಿಯ ಅಪ್ಪಾಜಿ, ಅವ್ವ,

ಯೇಸುವಿನ ಹೆಸರಿನಲ್ಲಿ ವಂದನೆಗಳು. ನಾನು ಆರಾಮಾಗಿದ್ದೇನೆ. ಅವ್ವ ಕಳಿಸಿದ ಶೇಂಗಾ ಚಟ್ನಿ ಮುಟ್ಟಿತು, ಅರ್ಧ ಮುಗಿದೂ ಹೋಯಿತು.

ಅಪ್ಪಾಜಿ, ಫೋನಿನಲ್ಲಿ ನೀವು ಕೇಳಿದ್ದು ಮನಸ್ಸಿನಲ್ಲೇ ಉಳಿದಿದೆ. "ಮಂಗಳೂರಿನ ಬಲ್ಮಠದ ಥಿಯಾಲಜಿ ಕಾಲೇಜಿಗೆ ಹೋಗಿ ದೇವರ ಸೇವೆಗೆ ಓದುತ್ತೇನೆ ಅಂದಿದ್ದೆ. ಆ ಕರೆ ಏನಾಯ್ತು?" ಆಗ ನನಗೆ ಮಾತೇ ಬರಲಿಲ್ಲ.

ಇಲ್ಲಿಯ ವೃದ್ಧಾಶ್ರಮದಲ್ಲಿ ಈ ತಿಂಗಳು ನನಗೆ ನೈಟ್ ಡ್ಯೂಟಿ. ಒಬ್ಬ ಅಜ್ಜ ಇದ್ದಾರೆ, ಜೀವನವಿಡೀ ಬೇಕರಿಯಲ್ಲಿ ದುಡಿದವರು. ಈಗ ಮರೆವಿನ ಕಾಯಿಲೆ. ಮಕ್ಕಳ ಹೆಸರು ಮರೆತಿದ್ದಾರೆ, ರಾತ್ರಿ 3 ಗಂಟೆಗೆ ಏಳುವುದನ್ನು ಮರೆತಿಲ್ಲ. ಬೆಲ್ ಒತ್ತಿ, "ಹಿಟ್ಟು ನಾದಬೇಕು, ತಡವಾಯಿತು" ಅನ್ನುತ್ತಾರೆ. ಹೋದ ವಾರ ಒಂದು ರಾತ್ರಿ ಎರಡು ಸಲ ಹೋಗಿ "ಮಲಗಿ" ಅಂದು ಬಂದೆ. ಮೂರನೇ ಸಲ ಬೆಲ್ ಆದಾಗ ಸಿಟ್ಟು ಬಂತು. ಬೇಕಂತಲೇ ತಡ ಮಾಡಿದೆ. ಹೋಗಿ ನೋಡಿದರೆ ಅಜ್ಜ ಮಂಚದ ಅಂಚಿಗೆ ಕೂತು ಹೊದಿಕೆಯನ್ನೇ ನಾದುತ್ತಿದ್ದರು. ಕೈ ನಡುಗುತ್ತಿತ್ತು. ನನ್ನ ಕರುಳು ಚುರ್ ಅಂದಿತು. ಪಕ್ಕದಲ್ಲಿ ಕೂತು, "ಹಿಟ್ಟು ಹದಕ್ಕೆ ಬಂತು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. ಬೆರಳಿಂದ ಒತ್ತಿದರೆ ನಿಧಾನಕ್ಕೆ ಮೇಲೆ ಬರಬೇಕು ಅಂತ ನನ್ನ ಅಂಗೈ ಮೇಲೆ ಒತ್ತಿ ತೋರಿಸಿದರು. ಆಮೇಲೆ ಮಲಗಿದರು.

ಅಲ್ಲೇ ಕೂತಿದ್ದಾಗ ಬೈಬಲಿನ ಸಮುವೇಲ ನೆನಪಾದ. ಸಂಡೇ ಸ್ಕೂಲಿನಲ್ಲಿ ನೀವೇ ಹೇಳಿದ ಕಥೆ. ರಾತ್ರಿ ದೇವರು ಕರೆದರೆ ಆ ಹುಡುಗ, ಕಣ್ಣು ಮಬ್ಬಾದ ಮುದಿ ಯಾಜಕ ಏಲಿ ಕರೆದ ಅಂದುಕೊಂಡ. ಮೂರು ಸಲವೂ ಎದ್ದು ಹೋದ. ನಾವು ಯಾವಾಗಲೂ ಅವನು ದೇವರಿಗೇ ಓಗೊಟ್ಟ ನಾಲ್ಕನೇ ಸಲದ ಬಗ್ಗೆಯೇ ಮಾತಾಡುತ್ತೇವೆ, ಅಲ್ವಾ? ನನಗೀಗ ಆ ಮೂರು ಸಲವೇ ದೊಡ್ಡದು ಅನಿಸುತ್ತಿದೆ. ಒಬ್ಬ ಮುದುಕನಿಗಾಗಿ ಬೇಸರವಿಲ್ಲದೆ ಮೂರು ಸಲ ನಿದ್ದೆ ಬಿಟ್ಟು ಎದ್ದ ಹುಡುಗ ಅವನು. ನಾನು ಮೂರನೇ ಸಲಕ್ಕೇ ಸಿಟ್ಟಾದೆ.

ಜರ್ಮನ್ನರು ಉದ್ಯೋಗಕ್ಕೆ 'ಬೆರೂಫ್' ಅನ್ನುತ್ತಾರೆ. 'ರೂಫೆನ್' ಅಂದರೆ ಕರೆಯುವುದು, ಅದರಿಂದ ಬಂದ ಪದ. ಕರೆ ಮಠ ಸೇರಿದವರಿಗೆ ಮಾತ್ರ ಅಲ್ಲ, ಹೊಲದವನಿಗೂ ಮನೆಗೆಲಸದವಳಿಗೂ ಇದೆ ಅಂತ ಮಾರ್ಟಿನ್ ಲೂಥರ್ ಕಲಿಸಿದ್ದರು. ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. 1853ರಲ್ಲಿ ನಮ್ಮ ಕಡೆಗೆ ಬಂದದ್ದು ಸುವಾರ್ತೆ ಸಾರಲು. ವರ್ಷಗಟ್ಟಲೆ ಕೂತದ್ದು ಕನ್ನಡ ಶಬ್ದಗಳ ಜೊತೆ. 1894ರಲ್ಲಿ ಬಂದ ಅವರ ನಿಘಂಟನ್ನು ನೀವು ಬೈಬಲ್ ಪಕ್ಕದಲ್ಲೇ ಇಟ್ಟಿದ್ದೀರಿ. ಅದೂ ದೇವರ ಸೇವೆಯೇ ಅಂತ ನೀವೇ ಹೇಳುತ್ತಿದ್ದಿರಿ.

ದೇವರ ಕರೆಗೆ ಬೆನ್ನು ಹಾಕಿ ಓಡಿದ ಯೋನನ ಹಾಗೆ ತಪ್ಪಿಸಿಕೊಂಡು ಬಂದೆನೇನೋ ಅಂತ ನನಗೂ ಹೆದರಿಕೆ ಇತ್ತು. ಈಗಿಲ್ಲ. ಸದ್ಯಕ್ಕೆ ಬಲ್ಮಠಕ್ಕೆ ಬರುವುದಿಲ್ಲ ಅಪ್ಪಾಜಿ. ನನ್ನನ್ನು ಕರೆದದ್ದು ಇಲ್ಲಿಗೇ ಅಂತ ನಂಬಿದ್ದೇನೆ. ನಿಮಗೆ ಬೇಜಾರಾಗುತ್ತದೆ, ಗೊತ್ತು. ದೇವರಲ್ಲಿ ಬೇಡಿಕೊಂಡೇ ಬರೆಯುತ್ತಿದ್ದೇನೆ.

ಇನ್ನೊಂದು ಮಾತಿದೆ, ಇದು ಜಾಸ್ತಿ ಕಷ್ಟದ್ದು. ಆ ರಾತ್ರಿಯಿಂದ ಪ್ರಾರ್ಥನೆಗೆ ಕೂತಾಗಲೆಲ್ಲ ಕಾಕಾ ನೆನಪಾಗುತ್ತಿದ್ದಾರೆ. ಮನೆ ಪಾಲಿನ ಜಗಳದಲ್ಲಿ ನಾನು ಅವರಿಗೆ ಅಂದ ಮಾತು ತಪ್ಪು. ಎರಡು ವರ್ಷದಿಂದ ಅದನ್ನು ಕೇಳಿಸದ ಹಾಗೆ ಇದ್ದೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡಿ ಕ್ಷಮೆ ಕೇಳಬೇಕು. ಅವ್ವ, ಅವರ ಹೊಸ ನಂಬರ್ ಕಳಿಸು. ಅಪ್ಪಾಜಿ ಬೇಡ ಅಂದರೂ ಕಳಿಸು.

ನಿಮ್ಮ ಮಗಳು