ಮಂಜುಗೆ, ಗೋಕರ್ಣದ ಗುಡ್ಡ ಹತ್ತುವ ಮೊದಲು

ಪ್ರಿಯ ಮಂಜು,

ನಿನ್ನ ಪ್ಲ್ಯಾನ್ ಓದಿದೆ. ಊಟ ಮುಗಿಸಿ ಮಧ್ಯಾಹ್ನ ಮೂರಕ್ಕೆ ಗೋಕರ್ಣ ಬಿಡುವುದು, ಕುಡ್ಲೆ, ಓಂ, ಹಾಫ್ ಮೂನ್ ಬೀಚು ದಾಟಿ ಪ್ಯಾರಡೈಸ್ ಬೀಚಿನಲ್ಲಿ ಸೂರ್ಯಾಸ್ತ ನೋಡುವುದು, ಆಮೇಲೆ ಬೋಟ್ ಹತ್ತಿ ವಾಪಸ್. ಕೇಳಲಿಕ್ಕೆ ಚಂದವೇ ಮಾರಾಯ. ಆದರೆ ನಿನ್ನ ಜೊತೆ ಮಗಳೂ ಬರುತ್ತಾಳೆ, ಮಂಡಿನೋವಿನ ಭಾವನೂ ಬರುತ್ತಾರೆ ಅಂದಮೇಲೆ ಇದಕ್ಕೆ ನಾನು ಹೂಂ ಅನ್ನುವುದಿಲ್ಲ.

ಮೊದಲನೆಯದು, ಆ ಬೋಟನ್ನು ನಂಬಿ ಕೂರಬೇಡ. ಜನ ಸೇರಿದರೆ ಬಿಡುತ್ತಾರೆ, ಕಡಲು ಒರಟಾಗಿದ್ದರೆ ಬಿಡುವುದಿಲ್ಲ, ಕತ್ತಲಾಗುತ್ತ ಬಂದರೆ ಅವರು ಹೇಳಿದ್ದೇ ರೇಟು. ಡಿಸೆಂಬರ್-ಜನವರಿಯಲ್ಲಿ ಆರರಿಂದ ಆರೂವರೆಯೊಳಗೆ ಸೂರ್ಯ ಮುಳುಗಿ ಆಗುತ್ತದೆ. ಬೋಟ್ ತಪ್ಪಿತೋ, ಕಾಡಿನ ಕಾಲುದಾರಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಬರಬೇಕು. ಒಂದು ಕಡೆ ಮುಳ್ಳುಕಂಟಿ, ಇನ್ನೊಂದು ಕಡೆ ಕೆಳಗೆ ಬಂಡೆ, ನೀರು. ಯಾರಿಗೆ ಬೇಕು ಆ ಸಾಹಸ?

ಎರಡನೆಯದು ಬಿಸಿಲು. ಈ ದಾರಿ ದೂರದಿಂದ ಕಷ್ಟವಾಗುವುದಲ್ಲ. ಗೋಕರ್ಣ ಪೇಟೆಯಿಂದ ಓಂ ಬೀಚಿಗೆ ರಸ್ತೆಯಲ್ಲಿ ಹೋದರೂ ಆರು ಕಿಲೋಮೀಟರ್ ಆಸುಪಾಸು, ಗುಡ್ಡದ ಮೇಲಿನ ಕಾಲುದಾರಿ ಇನ್ನೂ ಹತ್ತಿರ. ಸುಸ್ತು ಮಾಡುವುದು ಚಿರೇಕಲ್ಲಿನ ಬೋಳು ಗುಡ್ಡ. ಮಧ್ಯಾಹ್ನದ ಹೊತ್ತಿಗೆ ಆ ಕೆಂಪುಕಲ್ಲು ಕಾದು ಕೆಳಗಿನಿಂದಲೂ ಝಳ ಹೊಡೆಯುತ್ತದೆ, ನೆರಳಿಗೆ ಒಂದು ಮರ ಸಿಗುವುದಿಲ್ಲ. ಬೆಳಿಗ್ಗೆ ಹಾಗಲ್ಲ. ಈ ಬೀಚುಗಳೆಲ್ಲ ಹೆಚ್ಚುಕಡಿಮೆ ಪಡುವಣಕ್ಕೆ ಮುಖ ಮಾಡಿವೆ, ಬೆನ್ನಿಗೆ ಗುಡ್ಡ. ಸೂರ್ಯ ಗುಡ್ಡದ ತಲೆ ದಾಟಿ ಬರುವವರೆಗೆ ಮರಳು ತಣ್ಣಗಿರುತ್ತದೆ.

ಅದಕ್ಕೇ ನನ್ನ ಲೆಕ್ಕ ಹೀಗೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಪಂಚಗಂಗಾ ರೈಲು ಹತ್ತಿ ಶನಿವಾರ ಬೆಳಿಗ್ಗೆ ಗೋಕರ್ಣ ರೋಡಿನಲ್ಲಿ ಇಳಿಯಿರಿ. ಸ್ಟೇಷನ್ ಇರುವುದು ಹೆದ್ದಾರಿ ಮಗ್ಗುಲಲ್ಲಿ, ಊರಿಗೆ ಹತ್ತು ಕಿಲೋಮೀಟರ್ ಆಸುಪಾಸು, ಆಟೋ ಸಿಗುತ್ತದೆ. ನಾನು ಕುಮಟೆಯಿಂದ ಬಂದು ಸೇರುತ್ತೇನೆ. ಆ ದಿನ ದೇವಸ್ಥಾನ, ಊಟ, ನಿದ್ದೆ. ಸಂಜೆ ಕುಡ್ಲೆಯಲ್ಲಿ ಕೂತು ನಿನ್ನ ಸೂರ್ಯಾಸ್ತ ಎಷ್ಟು ಬೇಕಾದರೂ ನೋಡು. ನಡಿಗೆ ಭಾನುವಾರ, ಬೆಳಕು ಹರಿಯುತ್ತಿದ್ದಂತೆ.

ಗೋಕರ್ಣದ ಬೀಚಿನ ದಕ್ಷಿಣ ತುದಿಯಿಂದ ರಾಮತೀರ್ಥಕ್ಕೆ ಹತ್ತುತ್ತೇವೆ. ಕಡಲಿಗೆ ಇಷ್ಟು ಹತ್ತಿರದಲ್ಲಿ ಅಲ್ಲಿ ಸಿಹಿನೀರು ಸುರಿಯುವುದನ್ನು ನಿನ್ನ ಮಗಳಿಗೆ ತೋರಿಸಬೇಕು. ಚಿರೇಕಲ್ಲಿನ ತುಂಬ ತೂತು. ಮಳೆಗಾಲದ ನೀರನ್ನು ಗುಡ್ಡ ಕುಡಿದಿಟ್ಟುಕೊಂಡು ಬುಡದಲ್ಲಿ ನಿಧಾನಕ್ಕೆ ಬಿಡುತ್ತದೆ. ಅಲ್ಲಿಂದ ಮೇಲೆ ಬೇಣ, ಅಂದರೆ ಬರೀ ಹುಲ್ಲಿನ ಗುಡ್ಡ. ಸೆಪ್ಟೆಂಬರಿನಲ್ಲಿ ಬಂದಿದ್ದರೆ ಹುಲ್ಲಿನ ನಡುವೆ ನೀಲಿ, ಹಳದಿ ಪುಟ್ಟ ಹೂಗಳು ನೋಡಲಿಕ್ಕೆ ಸಿಗುತ್ತಿದ್ದವು. ಆದರೆ ಆಗ ಕಲ್ಲಿನ ಮೇಲೆಲ್ಲ ಹಾವಸೆ, ಕಡಲಿಗಂತೂ ಇಳಿಯುವ ಹಾಗಿಲ್ಲ. ಚಳಿಗಾಲದಲ್ಲಿ ಹುಲ್ಲು ಒಣಗಿರುತ್ತದೆ, ದಾರಿ ಸ್ಪಷ್ಟ ಕಾಣುತ್ತದೆ.

ಭಾವನಿಗೆ ಒಂದು ಮಾತು ಮುಂಚೆಯೇ ಹೇಳಿಡು. ಏರಿನಲ್ಲಿ ಏನೂ ತೊಂದರೆಯಿಲ್ಲ, ಜಾಗ್ರತೆ ಬೇಕಾಗಿರುವುದು ಇಳಿಯುವಾಗ. ಚಿರೇಕಲ್ಲು ಸವೆದು ಉದುರಿದ ಕೆಂಪು ಹರಳು ದಾರಿ ತುಂಬ ಹರಡಿರುತ್ತದೆ, ಹುರಿಗಡಲೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ ಬೂಟು ಜಾರುತ್ತದೆ. ನುಣ್ಣಗೆ ಸವೆದ ಚಪ್ಪಲಿಯಾದರೆ ಮುಗಿಯಿತು. ಅಡಿ ಹಿಡಿಯುವ ಬೂಟು, ಕೈಯಲ್ಲಿ ಒಂದು ಕೋಲು, ಹೆಜ್ಜೆ ಅಡ್ಡಡ್ಡ. ಕುಡ್ಲೆಯಿಂದ ಓಂಗೆ ಇಳಿಯುವಲ್ಲಿ ಇದು ಜಾಸ್ತಿ. ಮಂಡಿ ತೀರಾ ಹಿಡಿದರೆ ಅವರು ಓಂನಲ್ಲೇ ನಿಲ್ಲಲಿ. ಅಲ್ಲಿಯವರೆಗೆ ರಸ್ತೆ ಇದೆ, ಮೆಟ್ಟಿಲು ಹತ್ತಿದರೆ ಆಟೋ ಸಿಗುತ್ತದೆ. ಅದರಾಚೆ ಆಟೋ ಬರುವುದಿಲ್ಲ.

ಓಂ ಆಕಾರ ಹುಡುಕುತ್ತ ಮರಳಿನ ಮೇಲೆ ಓಡಾಡಬೇಡಿ. ಅದು ಮೇಲಿನಿಂದ ನೋಡಿದಾಗ ಕಾಣುವುದು: ಎರಡು ಅರ್ಧಚಂದ್ರ, ನಡುವೆ ಕಡಲಿಗೆ ಚಾಚಿದ ಬಂಡೆ. ಇಳಿಯುವ ಮುಂಚೆ ಫೋಟೋ ತೆಗೆದುಕೊಂಡುಬಿಡು. ತಿಂಡಿ ಅಲ್ಲೇ ಆಗಲಿ. ಬನ್ಸ್ ಸಿಕ್ಕಿದರೆ ನನ್ನ ಪಾಲಿನದು ನನಗೇ ಬಿಡಬೇಕು.

ಓಂ ದಾಟಿದ ಮೇಲೆ ಗೌಜಿ ಹಿಂದೆ ಉಳಿಯುತ್ತದೆ. ನನಗೆ ಇಡೀ ದಾರಿಯಲ್ಲಿ ಇಷ್ಟವಾಗುವುದು ಇಲ್ಲಿಂದ ಮುಂದಿನ ತುಂಡೇ. ಗುಡ್ಡದ ಓರೆಯಲ್ಲಿ ಮರಗಳ ಅಡಿ ಸಣ್ಣ ದಾರಿ. ಗೇರು, ಕವಳಿ ಪೊದೆ, ನೀರಿನ ಹತ್ತಿರ ಮುಂಡುಗ (ಕೇದಿಗೆ ಜಾತಿಯ ಗಿಡ). ಕವಳಿ ಕಾಯಿ ಬಿಡುವುದು ಬೇಸಿಗೆಯಲ್ಲಿ, ಈಗ ಮುಳ್ಳು ಮಾತ್ರ. ಎಡಕ್ಕೆ ಕಾಡು, ಬಲಕ್ಕೆ ಎಲೆ ಸಂದಿಯಲ್ಲಿ ಕಡಲು. ಹಾಫ್ ಮೂನ್ ಪುಟ್ಟ ಬೀಚು, ಅರ್ಧ ಗಂಟೆಯೊಳಗೆ ಬಂದೇಬಿಡುತ್ತದೆ. ಮುಂದೆ ಪ್ಯಾರಡೈಸಿಗೆ ಕೆಲವರು ನೀರಿನಂಚಿನ ಬಂಡೆ ಹಾರಿಕೊಂಡು ಹೋಗುತ್ತಾರೆ. ನಾವು ಮೇಲಿನ ದಾರಿಯನ್ನೇ ಹಿಡಿಯೋಣ. ಇಳಿತದಲ್ಲಿ ಆ ಬಂಡೆ ಸಲೀಸಾಗಿ ಕಾಣುತ್ತದೆ, ಭರತ ಏರಿದಾಗ ಅದೇ ಬಂಡೆಗೆ ತೆರೆ ಬಂದು ಬಡಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಎಡಬಲದ ದಿನಗಳಲ್ಲಿ ನೀರು ಇನ್ನೂ ಮೇಲೆ. ಆದ್ದರಿಂದ ಅಷ್ಟಮಿ, ನವಮಿ ಹತ್ತಿರದ ಭಾನುವಾರ ನೋಡು. ಶಿವರಾತ್ರಿ ವಾರ ಮಾತ್ರ ಬೇಡವೇ ಬೇಡ. ರಥ ನೋಡಲಿಕ್ಕೆ ಊರೆಲ್ಲ ಜನ, ಉಳಿಯಲಿಕ್ಕೆ ರೂಮು ಸಿಗುವುದಿಲ್ಲ.

ಪ್ಯಾರಡೈಸಿನಿಂದ ಹಿಂದೆ ತಿರುಗುವುದಿಲ್ಲ, ಬೋಟೂ ಹತ್ತುವುದಿಲ್ಲ. ಬೆಲೆಕಾನ ಕಡೆಗೆ ಒಂದು ಕಾಡುದಾರಿ ಹೊರಡುತ್ತದೆ. ಹತ್ತಿಪ್ಪತ್ತು ನಿಮಿಷ ನಡೆದರೆ ಊರು, ರಸ್ತೆ. ಆ ರಸ್ತೆ ಹಿಡಿದು ಹೋದರೆ ಗೋಕರ್ಣ-ತದಡಿ ರಸ್ತೆ, ಬಸ್ ಓಡಾಡುತ್ತದೆ. ನನ್ನ ಆಸೆ ಕೇಳಿದರೆ ಮೊದಲು ತದಡಿಗೇ ಹೋಗೋಣ. ಶಿರಸಿ ಕಡೆ ಹುಟ್ಟಿದ ಅಘನಾಶಿನಿ ಎಲ್ಲೂ ದೊಡ್ಡ ಅಣೆಕಟ್ಟೆಗೆ ಸಿಕ್ಕದೆ ಕಡಲು ಸೇರುವುದು ಅಲ್ಲಿ. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಇಳಿತದ ಹೊತ್ತಾದರೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುವವರು ಕಾಣುತ್ತಾರೆ. ಊಟಕ್ಕೆ ಬಳಚಿನ ಸುಕ್ಕ ಹುಡುಕುವ ಜವಾಬ್ದಾರಿ ನನ್ನದು. ಭಾವನಿಗೆ ಮೀನು-ಬಳಚು ನಡೆಯುತ್ತದೋ ಇಲ್ಲವೋ ಅದನ್ನು ಮಾತ್ರ ತಿಳಿಸು.

ಸಾಮಾನು ಕಡಿಮೆ ಇರಲಿ. ತಲೆಗೆ ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಂದು ಟವೆಲ್, ಕಸ ತುಂಬಲಿಕ್ಕೆ ಒಂದು ಚೀಲ. ಟಾರ್ಚು, ಬ್ಯಾಂಡೇಜು ನಾನು ತರುತ್ತೇನೆ. ಈಜುವ ಆಸೆಯಿದ್ದರೆ ಕುಡ್ಲೆಯಲ್ಲೋ ಓಂನಲ್ಲೋ ಲೈಫ್‌ಗಾರ್ಡ್ ಕಣ್ಣೆದುರು ಮಾತ್ರ. ಹಾಫ್ ಮೂನ್, ಪ್ಯಾರಡೈಸಿನಲ್ಲಿ ಮೊಣಕಾಲಿನ ಮೇಲೆ ನೀರು ಬರಬಾರದು, ಇದನ್ನು ಮಗಳಿಗಿಂತ ನಿನಗೇ ಹೇಳುತ್ತಿರುವುದು.

ಟಿಕೆಟ್ ಮಾಡುವ ಮೊದಲು ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಎರಡು ತಾರೀಖು ಕಳಿಸು. ಬೆಳಿಗ್ಗೆ ಏಳಲು ಆಗುವುದಿಲ್ಲ ಅಂತ ಕುಂಟುನೆಪ ಹೇಳುವುದಾದರೆ ಅದನ್ನೂ ಈಗಲೇ ಹೇಳಿಬಿಡು, ನಾನೂ ನಿನ್ನ ಮಗಳೂ ಇಬ್ಬರೇ ಹೋಗುತ್ತೇವೆ.

ಇತಿ ನಿನ್ನ,
ಗಣಪತಿ
ಕುಮಟಾ